ಮೇಷ್ಟ್ರ ಕೈಗೆ ಕೊಟ್ಟ ಚೀಟಿ

ಮನೆ ಬದಲಾಯಿಸಲು ಸಾಮಾನು ಕಟ್ಟುವಾಗ ಮೇಷ್ಟ್ರು ಕೊಟ್ಟಿದ್ದ ಮಣ್ಣಿನ ಬಿಲ್ಲೆ ಸಿಕ್ಕಿತು. ಅಂಗೈ ಅಗಲ, ಮೂಲೆ ಮುಕ್ಕಾಗಿದೆ. ಮೈತುಂಬ ಮೊಳೆ ಒತ್ತಿದಂಥ ಗುರುತುಗಳು...

ಅವರು ಹಾಸನದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಡಾಟ್‌ಕಾಮ್ ಭರಾಟೆಯ ದಿನಗಳಲ್ಲಿ, ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ, ಕಡಲು ದಾಟಿ ಮಗಳ ಬಳಿ ಬಂದಿದ್ದರು. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಗಿನ ಟರ್ಕಿಯನ್ನು ಆಳಿದ ಹಿಟ್ಟೈಟರು ಮಣ್ಣಿನ ಮೇಲೆ ಬರೆದಿಟ್ಟದ್ದೇ ಅವರ ಜೀವಮಾನದ ಓದು. ಚಾಪ್‌ಸ್ಟಿಕ್ಕಿನ ತುದಿ ಕೆತ್ತಿಕೊಂಡು ಹಸಿ ಮಣ್ಣಿನಲ್ಲಿ ಆ ಅಕ್ಷರಗಳನ್ನು ಒತ್ತುತ್ತಿದ್ದರು.

“ನೋಡ್ರೀ, ಕೇಕ್ ಮಾಡೋ ಓವನ್ನಲ್ಲಿ ನಮ್ಮಪ್ಪ ಇಟ್ಟಿಗೆ ಸುಡ್ತಾರೆ,” ಎಂದು ಮಗಳು ನಗುತ್ತಿದ್ದರು.

“ನಿಮ್ಮ ಕಂಪ್ಯೂಟರಿಗಿಂತ ಇದಕ್ಕೇ ಆಯಸ್ಸು ಜಾಸ್ತಿ ಕಣಮ್ಮ.”

ನಮ್ಮ ಕನ್ನಡ ಸಂಘದ ಕಾರ್ಯಕ್ರಮದ ಹೊಣೆ ಆ ವರ್ಷ ನನ್ನದು. ಹಿಟ್ಟೈಟರ ಬಗ್ಗೆ ಮಾತಾಡಲು ಮೇಷ್ಟ್ರು ಇಪ್ಪತ್ತು ನಿಮಿಷ ಕೇಳಿದರು. ಹಿಟ್ಟೈಟರೆಂದರೆ ಯಾರು ಬರುತ್ತಾರೆ? ಅವರ ಒಂದು ಒಪ್ಪಂದದಲ್ಲಿ ಇಂದ್ರ, ವರುಣರ ಹೆಸರಿದೆಯೆಂದು ಮೇಷ್ಟ್ರೇ ಹೇಳಿದ್ದರು. ಕರಪತ್ರದಲ್ಲಿ ‘ಟರ್ಕಿಯಲ್ಲಿ ನಮ್ಮ ದೇವರ ಸಾಮ್ರಾಜ್ಯ’ ಎಂದು ನಾನೇ ಹಾಕಿದೆ.

“ಇದು ಸುಳ್ಳಾಗತ್ತಮ್ಮ,” ಎಂದರು. “ಆ ದೇವರು ಪಕ್ಕದ ಮಿತನ್ನಿ ದೇಶದ ರಾಜನವು. ಒಪ್ಪಂದಕ್ಕೆ ಸಾಕ್ಷಿ ಅಂತ ಕರೆದಿದ್ದು, ಅಷ್ಟೇ. ತಿದ್ದಿಬಿಡು.”

ತಿದ್ದುತ್ತೇನೆ ಎಂದೆ. ತಿದ್ದಲಿಲ್ಲ.

ಸಭಾಂಗಣ ತುಂಬಿತ್ತು. ಕರಪತ್ರದಲ್ಲಿರುವುದು ತಪ್ಪು ಎಂದೇ ಅವರು ಮಾತು ಆರಂಭಿಸಿದರು. ಯಾರು ಬರೆದದ್ದೆಂದು ಹೇಳಲಿಲ್ಲ. ಗುಸುಗುಸು ಎದ್ದಿತು. ಸಮಿತಿಯವರೊಬ್ಬರು ನನ್ನ ಕಿವಿಯ ಬಳಿ, “ಏನ್ರೀ ಇವರು, ಇರೋ ದೇವರನ್ನೂ ಕಿತ್ಕೋತಾರೆ. ಚೀಟಿ ಕಳಿಸ್ರೀ,” ಎಂದರು.

ಹತ್ತು ನಿಮಿಷವೂ ಆಗಿರಲಿಲ್ಲ. ‘ಸಮಯವಾಯಿತು’ ಎಂದು ಬರೆದು ನಾನೇ ಒಯ್ದು ಕೊಟ್ಟೆ.

ಆಗಷ್ಟೇ ಅವರು ತಮಗೆ ಬೇಕಾದ ಮಾತಿಗೆ ಬಂದಿದ್ದರು. ಹಿಟ್ಟೈಟರು ಬೇರೆ ಜನರ ದೇವರನ್ನು ತಮ್ಮ ಊರಿಗೆ ತಂದರೆ, ಆ ಜನರ ಭಾಷೆಯಲ್ಲೇ ಅದಕ್ಕೆ ಹಾಡುತ್ತಿದ್ದರಂತೆ. “ಅಂಥದೊಂದು ಹಾಡು...” ಎಂದವರು ಚೀಟಿ ನೋಡಿದರು. ಗೋಡೆಯ ಗಡಿಯಾರ ನೋಡಿದರು. ಆಮೇಲೆ ನನ್ನನ್ನು. ಚೀಟಿಯನ್ನು ಮಡಿಸಿ ಜೇಬಿಗಿಟ್ಟು, “ಉಳಿದದ್ದು ಇನ್ನೊಮ್ಮೆ,” ಎಂದು ಇಳಿದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಊರಿಗೆ ಹೊರಡುವ ಹಿಂದಿನ ದಿನ ಮೆಟ್ಟಿಲು ಹತ್ತಿ ಬಂದು ಈ ಬಿಲ್ಲೆ ಕೊಟ್ಟರು. “ಅವತ್ತು ಓದಬೇಕಿದ್ದ ಹಾಡು,” ಎಂದರು. ಓದಿ ಹೇಳಿ ಎನ್ನಬಹುದಿತ್ತು. ಅದನ್ನು ಕೇಳಿದರೆ ಚೀಟಿಯ ಮಾತೂ ಬಂದೀತೆಂದು, ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ...

ಮರುವರ್ಷ ಅವರು ತೀರಿಕೊಂಡರೆಂದು ಮಗಳು ಹೇಳಿದರು.

ಈಗ ಬಿಲ್ಲೆಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತುತ್ತಿದ್ದೇನೆ. ಎರಡು ಸಲ ತಿರುಗಿಸಿ ನೋಡಿದೆ. ಹಾಡು ಯಾವ ಕಡೆಯಿಂದ ಶುರುವಾಗುತ್ತದೆ ಎಂಬುದೂ ನನಗೆ ತಿಳಿಯಲಿಲ್ಲ.