ಹನ್ನೆರಡನೆಯ ತಂಡದ ಐದನೆಯ ಆಟಗಾರ

ಸೊಲ್ಲಾಪುರದಲ್ಲಿ ಅಂತರರಾಷ್ಟ್ರೀಯ ತಂಡಗಳ ಚದುರಂಗ ಪಂದ್ಯಾವಳಿ ನಡೆಸೋಣ ಎಂದು ಮೊದಲು ಹೇಳಿದವನು ನಾನೇ. ಅಂದು ನಮ್ಮ ಚದುರಂಗ ಸಂಘದ ಸಭೆಯಲ್ಲಿ ಚಹಾ ಚೆನ್ನಾಗಿತ್ತು, ಬೇರೆ ಕಾರಣವೇನೂ ನೆನಪಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನದಿಂದ ಅವರಲ್ಲಿ ಒಬ್ಬರೂ ಫೋನ್ ಎತ್ತಲಿಲ್ಲ. ಆಫೀಸಿನಲ್ಲಿ ಕಾರಕೂನಿಕೆ ಮಾಡುತ್ತ ಫೈಲು ಮುಂದೂಡುವುದರಲ್ಲಿ ಪಳಗಿದವನಾದರೂ ಈ ಫೈಲನ್ನು ಯಾರ ಮೇಜಿಗೂ ದೂಡಲು ನನ್ನಿಂದಾಗಲಿಲ್ಲ.

ಮುಹೂರ್ತಗಳಿಲ್ಲದ ವಾರ ನೋಡಿ ವಿಜಾಪುರ ರಸ್ತೆಯ ಒಂದು ಮಂಗಲ ಕಾರ್ಯಾಲಯವನ್ನು ಹಿಡಿದೆವು. ಕಮಾನಿನ ಮೇಲಿನ ‘ಶುಭವಿವಾಹ’ ಹಲಗೆಯನ್ನು ಇಳಿಸಲು ಏಣಿ ಸಿಗಲಿಲ್ಲವಾದ್ದರಿಂದ ಅದರ ಕೆಳಗೇ ನಮ್ಮ ಬ್ಯಾನರ್ ಕಟ್ಟಿದೆವು. ಹೊರದೇಶದ ತಂಡಗಳು ಮೂರು. ಒಂದು ನೇಪಾಳದ್ದು, ಒಂದು ಶ್ರೀಲಂಕಾದ್ದು, ಇನ್ನೊಂದು ಪುಣೆಯಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಗಳದ್ದು. ಈ ಕೊನೆಯವರು ನನಗಿಂತ ಶುದ್ಧವಾಗಿ ಮರಾಠಿ ಮಾತಾಡುತ್ತಿದ್ದರು. ಸುತ್ತಲಿನ ಜಿಲ್ಲೆಗಳ ಎಂಟು ತಂಡ ಸೇರಿ ಒಟ್ಟು ಹನ್ನೊಂದಾಯಿತು. ಹನ್ನೊಂದು ತಂಡಗಳಾದರೆ ಪ್ರತಿ ಸುತ್ತಿನಲ್ಲೂ ಒಂದು ತಂಡ ಎದುರಾಳಿ ಇಲ್ಲದೆ ಕೂರಬೇಕಾಗುತ್ತದೆ. ಆ ಖಾಲಿ ಜಾಗ ತುಂಬಲು ಆತಿಥೇಯರೇ ಒಂದು ತಂಡ ಇಳಿಸುವುದು ವಾಡಿಕೆ. ಊಟದ ಪಂಕ್ತಿಯಲ್ಲಿ ಎಲೆ ಉಳಿದರೆ ಮನೆಯವರೇ ಕೂರುವುದಿಲ್ಲವೇ, ಹಾಗೆ. ಹೀಗೆ ನಾವು ಹನ್ನೆರಡನೆಯ ತಂಡವಾದೆವು, ನಾನು ನಾಯಕನಾದೆ.

ಮೊದಲ ದಿನದ ಸತ್ಕಾರ ಸಮಾರಂಭ ಮೊದಲ ಸುತ್ತಿಗಿಂತ ದೀರ್ಘವಾಗಿತ್ತು. ಬಂದವರಿಗೆಲ್ಲ ಸೊಲ್ಲಾಪುರಿ ಚಾದರ ಹೊದಿಸಿ ತೆಂಗಿನಕಾಯಿ ಕೊಟ್ಟೆವು. ಶ್ರೀಲಂಕಾದವರಿಗೂ ತೆಂಗಿನಕಾಯಿ ಕೊಟ್ಟೆವು. ಅವರು ಅದನ್ನು ಜೀವಮಾನದಲ್ಲಿ ಕಾಣದವರಂತೆ ತಿರುಗಿಸಿ ನೋಡಿ ನಕ್ಕರು. ಬಹಳ ಸಂಸ್ಕಾರವಂತ ಜನ.

ತಂಡಕ್ಕೆ ಆಡುವವರು ನಾಲ್ವರು ಸಾಕು. ಆದರೆ ಅರ್ಜಿಯಲ್ಲಿ ಐದು ಸಾಲುಗಳಿದ್ದವು, ಖಾಲಿ ಸಾಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಐದನೆಯ ಸಾಲಿನಲ್ಲಿ ವಾಗದರಿ ಹಳ್ಳಿಯ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ ಹೆಸರು ಬರೆದೆ. ಕಾಕಾ ಕುರಿ ಸಾಕಿದವರು. ನನಗೆ ಚದುರಂಗ ಕಲಿಸಿದವರೂ ಅವರೇ. ಕುರಿ ಹಟ್ಟಿಯ ಪಕ್ಕದಲ್ಲಿ ಗೋಣಿಚೀಲದ ಮೇಲೆ ಇದ್ದಲಿಯಿಂದ ಮನೆ ಎಳೆದು ಕಲಿಸಿದ್ದರು. ಆದರೆ ಅವರದು ಹಳ್ಳಿ ಕಾಯ್ದೆಯ ಆಟ, ಪುಸ್ತಕದ ಕಾಯ್ದೆ ಅವರಿಗೆ ಗೊತ್ತಿಲ್ಲ. ನಾನು ನಗರಕ್ಕೆ ಬಂದು ಪುಸ್ತಕದ ಆಟ ಕಲಿತ ಮೇಲೆ ಅವರ ಜೊತೆ ಒಂದು ಆಟವನ್ನೂ ಆಡಿರಲಿಲ್ಲ. ಅರ್ಜಿಯಲ್ಲಿ ‘ಗ್ರಾಮೀಣ ಆಟಗಾರ’ ಎಂದಿದ್ದರೆ ಶೋಭೆ ಎನ್ನಿಸಿತ್ತು, ಅಷ್ಟೇ.

ಕಾಕಾ ಅದನ್ನು ಖರೇ ಎಂದುಕೊಂಡರು. ದಿನಾಲೂ ವಾಗದರಿಯಿಂದ ಬಸ್ಸು ಹತ್ತಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ, ‘ಆಟಗಾರ’ ಎಂಬ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಬರುತ್ತಿದ್ದರು. ಹಗ್ಗದಾಚೆ ಮೊದಲ ಕುರ್ಚಿಯಲ್ಲಿ ಕೂತು ನಾವು ಸೋಲುವುದನ್ನು ನೋಡುತ್ತಿದ್ದರು. ನಾವೂ ಅವರನ್ನು ನಿರಾಸೆಗೊಳಿಸಲಿಲ್ಲ, ಐದು ಸುತ್ತಿನಲ್ಲಿ ಐದೂ ಸೋತೆವು. ಅತಿಥಿಗಳನ್ನು ಸಂತೋಷಪಡಿಸುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ. ಆದರೆ ಸ್ವಂತ ಊರಿನಲ್ಲಿ, ನಾನೇ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ, ನಮ್ಮ ಹೆಸರಿನ ಮುಂದೆ ಸೊನ್ನೆ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಒಂದೇ ಒಂದು ಪಂದ್ಯ ಗೆಲ್ಲಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಉಳಿದದ್ದು ಕೊನೆಯ ಸುತ್ತು, ಶ್ರೀಲಂಕಾದವರ ಮೇಲೆ. ಬಹುಮಾನ ಕೊಡಬೇಕಿದ್ದ ಮುಖ್ಯ ಅತಿಥಿಯನ್ನು ಕರೆತರಲು ನಮ್ಮ ನಾಲ್ಕನೆಯ ಆಟಗಾರ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋಗಿದ್ದ. ಅತಿಥಿಗೆ ಅಕ್ಕಲಕೋಟದ ಗುಡಿಯಲ್ಲಿ ದರ್ಶನ ಮಾಡದೆ ಯಾವ ಸಭೆಗೂ ಹೋಗುವ ಪದ್ಧತಿ ಇಲ್ಲವಂತೆ. “ದರ್ಶನದ ಪಾಳೇದಾಗ ನಿಂತೀವಿ, ಇನ್ನ ಎರಡ ತಾಸ ಬೇಕು,” ಎಂದು ಆತ ಫೋನಿನಲ್ಲಿ ಹೇಳಿದ. ಸುತ್ತು ಶುರುವಾಗಲು ಹತ್ತು ನಿಮಿಷವಿತ್ತು. ಗತಿಯಿಲ್ಲದೆ ಕಾಕಾನ ಹತ್ತಿರ ಹೋದೆ.

“ಕಾಕಾ, ಇವತ್ತ ನೀವ ಆಡ್ರಿ.”

“ಚೇಷ್ಟಾ ಮಾಡಾಕತ್ತಿ ಏನ?”

“ಖರೇನರಿ. ಎರಡ ಮಾತ ನೆನಪ ಇಟ್ಕೋರಿ. ಪ್ಯಾದಿ ಮೊದಲನೇ ಸಲ ಎರಡ ಮನಿ ಹೋಗಬಹುದು. ರಾಜಾ ಇಲ್ಲೆ ಕುದುರಿ ಹಂಗ ಜಿಗಿಯಂಗಿಲ್ಲ.”

“ಒಂದ ಸಲಾನೂ?”

“ಒಂದ ಸಲಾನೂ ಇಲ್ರಿ.”

“ಭಾಳ ಬಡವ ಅದಾನ ಬಿಡು ಈ ರಾಜಾ,” ಎಂದು ಎದ್ದರು. ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡರು.

ಅವರ ಎದುರಾಳಿ ಕಾಲೇಜು ಓದುವ ಹುಡುಗಿ. ಕಾಕಾನಿಗೆ ನಡೆ ಬರೆಯಲು ಬಾರದೆಂದು ತೀರ್ಪುಗಾರರು ಪಕ್ಕದಲ್ಲೊಬ್ಬರನ್ನು ಕೂರಿಸಿಕೊಟ್ಟರು. ಸ್ವಲ್ಪ ಹೊತ್ತಿಗೆ ಆಕೆ ಕ್ಯಾಸಲಿಂಗ್ ಮಾಡಿದಳು, ಅಂದರೆ ರಾಜನನ್ನೂ ಆನೆಯನ್ನೂ ಒಂದೇ ಸಲಕ್ಕೆ ನಡೆಸಿದಳು. ಕಾಕಾ ಹಟ್ಟಿಯಲ್ಲಿ ಕಳ್ಳನನ್ನು ಕಂಡವರಂತೆ ತಲೆಯೆತ್ತಿ ನನ್ನತ್ತ ನೋಡಿದರು. ಸರಿಯಿದೆ ಎಂದು ತೀರ್ಪುಗಾರರು ತಲೆಯಾಡಿಸಿದರು. ನಿಟ್ಟುಸಿರು ಬಿಟ್ಟು ಕಾಕಾ ಆಟ ಮುಂದುವರಿಸಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆಂದು ನಾನು ನನ್ನ ಹಲಗೆಗೆ ತಿರುಗಿದೆ.

ಮುಗಿಯಲಿಲ್ಲ. ನಮ್ಮ ಮೊದಲನೆಯವನು ಗೆದ್ದ, ಎರಡನೆಯವನು ಸೋತ. ಸೋಲಲು ಬೇಕಾದದ್ದನ್ನೆಲ್ಲ ನಾನು ಮಾಡಿದ್ದೆ, ಎದುರಾಳಿ ಗಮನಿಸಲಿಲ್ಲವಾದ್ದರಿಂದ ಡ್ರಾ ಆಯಿತು. ಎದ್ದು ನೋಡಿದರೆ ಕಾಕಾನ ಸುತ್ತ ಜನ ನಿಂತಿದ್ದಾರೆ. ಹುಡುಗಿಯ ಹತ್ತಿರ ರಾಜ ಒಂದೇ ಉಳಿದಿದೆ. ಕಾಕಾನ ಹತ್ತಿರ ರಾಜ, ಮತ್ತು ಕೊನೆಯ ಮನೆಗೆ ಒಂದೇ ಹೆಜ್ಜೆ ಇರುವ ಒಂದು ಪ್ಯಾದೆ, ಅಂದರೆ ಕಾಲಾಳು. ಅದು ಕೊನೆಯ ಮನೆ ಮುಟ್ಟಿ ವಜೀರನಾದರೆ, ಪುಸ್ತಕದವರು ರಾಣಿ ಎನ್ನುವ ಕಾಯಿಯಾದರೆ, ಕಾಕಾ ಗೆದ್ದಂತೆ. ಕಾಕಾ ಗೆದ್ದರೆ ಪಂದ್ಯ ನಮ್ಮದು. ಬಾಯಿ ಬಿಡುವಂತಿರಲಿಲ್ಲ. ನಾಯಕರು ಮಾತಾಡಕೂಡದು ಎಂದು ಮೂರು ಭಾಷೆಯಲ್ಲಿ ಬರೆಸಿ ಗೋಡೆಗೆ ಹಚ್ಚಿದವನೂ ನಾನೇ.

ಕಾಕಾ ಪ್ಯಾದೆಯನ್ನು ಕೊನೆಯ ಮನೆಗೆ ಇಟ್ಟರು. ಹುಡುಗಿ ಸೋಲೊಪ್ಪಿ ಕೈ ಕೊಡಲು ಸಿದ್ಧಳಾಗಿ ಕುರ್ಚಿಯಲ್ಲಿ ಮುಂದೆ ಸರಿದಳು. ಹೊಡೆದ ಕಾಯಿಗಳ ಸಾಲಿನಲ್ಲಿ ವಜೀರ ಎದುರಿಗೇ ನಿಂತಿತ್ತು. ಕಾಕಾನ ಕೈ ಅದನ್ನು ದಾಟಿ ಹೋಗಿ ಕುದುರೆಯನ್ನು ಎತ್ತಿತು. ಪ್ಯಾದೆ ತೆಗೆದು ಕುದುರೆಯನ್ನಿಟ್ಟು ಗಡಿಯಾರ ಒತ್ತಿದರು.

ಹಳ್ಳಿ ಕಾಯ್ದೆ ಅದು. ಆಟದ ಆರಂಭದಲ್ಲಿ ಯಾವ ಕಾಯಿ ನಿಲ್ಲುವ ಮನೆಯೋ, ಆ ಮನೆ ಮುಟ್ಟಿದ ಪ್ಯಾದೆ ಅದೇ ಕಾಯಿಯಾಗಬೇಕು. ಕಾಕಾನ ಪ್ಯಾದೆ ಮುಟ್ಟಿದ್ದು ಕುದುರೆಯ ಮನೆ. ಒಂಟಿ ಕುದುರೆಯಿಂದ ಯಾವ ರಾಜನನ್ನೂ ಕಟ್ಟಿಹಾಕಲಾಗದು. ತೀರ್ಪುಗಾರರು ಡ್ರಾ ಎಂದರು, ಪಂದ್ಯ ಸಮವಾಯಿತು. ಹುಡುಗಿ ಎದ್ದು ನಿಂತು ಕಾಕಾನಿಗೆ ಎರಡೂ ಕೈ ಜೋಡಿಸಿದಳು. ಇತ್ತ ಬಾಗಿಲಲ್ಲಿ ಪ್ರಸಾದದ ಪುಡಿಕೆಗಳೊಡನೆ ಮುಖ್ಯ ಅತಿಥಿ ಆಗಮಿಸಿದರು, ಎಲ್ಲರೂ ಅತ್ತ ಓಡಿದರು.

ನಾನು ಕಾಕಾನನ್ನು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದೆ. ಸಿಟ್ಟು ನೆತ್ತಿಗೇರಿತ್ತು.

“ಕಾಕಾ, ವಜೀರ ಮಾಡಬೇಕಾಗಿತ್ತಲ್ರಿ! ಯಾ ಮನಿ ಮುಟ್ಟಿದ್ರೂ ವಜೀರ ಮಾಡಬಹುದು!”

“ಯಾ ಮನಿ ಮುಟ್ಟಿದ್ರೂ?”

“ಹೌದರಿ, ಯಾ ಮನಿ ಮುಟ್ಟಿದ್ರೂ.”

ಕಾಕಾ ಪಟಗಾ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅವರ ಮುಖ ಸಣ್ಣದಾಗಿತ್ತು. “ಮತ್ತ ಅದನ್ನ್ಯಾಕ ಹೇಳಲಿಲ್ಲ ತಮ್ಮಾ? ಅವೆರಡ ಹೇಳಿದಿ. ಇದೂ ಹೇಳಿದ್ರ ಮಾಡ್ತಿದ್ನಲ್ಲ.”

ಯಾಕೆ ಹೇಳಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಪ್ಯಾದೆ ಅಲ್ಲಿಯವರೆಗೆ ಹೋಗುತ್ತದೆ ಎಂದು ನಾನು ಅಂದುಕೊಂಡೇ ಇರಲಿಲ್ಲ.

“ಮರತಬಿಟ್ಟೆನ್ರಿ ಕಾಕಾ,” ಎಂದೆ.

“ಇರ್ಲಿ ಬಿಡು,” ಎಂದರು ಅವರು, ನನ್ನ ಬೆನ್ನಿನ ಮೇಲೆ ಕೈಯಿಟ್ಟು. “ನಿನಗರೆ ಎಷ್ಟ ಅಂತ ಕೆಲಸಾ.”