ಟ್ರಯಲ್ ಮುಗಿಯಿತು, ಆಂಟಿ ಬಂದರು

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಮುಂದೆ ಕುಣಿದೆ. ನಿಜವಾಗಿಯೂ ಕುಣಿದೆ. ಕಾರಣ? ಪರದೆಯ ಮೇಲೆ ಒಂದು ‘ಕ್ಷ’ ಸರಿಯಾಗಿ ಮೂಡಿತ್ತು.

(ಹುಚ್ಚು ಹಿಡಿದಿಲ್ಲ. ಪೂರ್ತಿ ಕೇಳಿ.)

ನಾವಿರುವ ಪರದೇಶದ ಊರು ಪೊರಿರುವಾದ ಭಾನುವಾರದ ಕನ್ನಡ ಶಾಲೆಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಪೈಕಿ. ಆ ಮಕ್ಕಳು ಮೊದಲ ಸಲ ಕನ್ನಡದಲ್ಲಿ ಒಂದೊಂದು ಪುಟ ಬರೆದಿದ್ದರು! ಪುಸ್ತಕ ಮಾಡೋಣ ಎಂದಾಯಿತು. “ಪುಟ ಜೋಡಿಸೋದು ಯಾರು?” ಎಂದಾಗ ಅದ್ಯಾಕೋ ನನ್ನ ಕೈ ಮೇಲೆದ್ದಿತು. ನಾನು ಫಿಸಿಯೊಥೆರಪಿಸ್ಟ್. ಮಂಡಿ ಸರಿಮಾಡಬಲ್ಲೆ. ಮಾರ್ಜಿನ್?

ಪುಟ ವಿನ್ಯಾಸದ ದೊಡ್ಡ ಸಾಫ್ಟ್‌ವೇರ್ ಒಂದರ ಟ್ರಯಲ್ ಹಾಕಿಕೊಂಡೆ. ಏಳು ದಿನ ಬಟನ್ ಹುಡುಕುವುದರಲ್ಲೇ ಹೋಯಿತು. ಎಂಟನೇ ದಿನ ಅದು ಬಾಗಿಲು ಹಾಕಿಕೊಂಡಿತು. ಮಕ್ಕಳ ಬರಹವೇನೋ ಮೇಲ್‌ನಲ್ಲಿ ಭದ್ರ. ನಾನು ಜೋಡಿಸಿದ್ದ ಪುಟಗಳು ಮಾತ್ರ ಒಳಗೇ ಬಂದಿ. ಸೋಮವಾರ ಪಿಡಿಎಫ್ ಕೊಡದಿದ್ದರೆ ಶಾಲೆಯ ವಾರ್ಷಿಕ ಸಮಾರಂಭಕ್ಕೆ ಪುಸ್ತಕವಿಲ್ಲ ಎಂದು ಪ್ರಿಂಟ್ ಅಂಗಡಿಯವರು ಹೇಳಿಬಿಟ್ಟಿದ್ದರು.

“ಫ್ರೀ ಇರೋದು ಯಾವ್ದಾದ್ರೂ ಹುಡುಕು,” ಎಂದ ನನ್ನ ಗಂಡ, ಟೋಸ್ಟಿನ ಮೇಲೆ ಚಟ್ನಿಪುಡಿ ಉದುರಿಸುತ್ತ.

ಹುಡುಕಿದೆ. ಒಂದು ಸಿಕ್ಕಿತು, ಪ್ರತಿ ಪುಟದ ನಡುವೆ ತನ್ನ ಹೆಸರು ಬರೆದುಕೊಂಡಿತು. ಇನ್ನೊಂದು ನನ್ನ ಒತ್ತಕ್ಷರಗಳನ್ನೆಲ್ಲ ಬಿಡಿಸಿ ಸಾಲಾಗಿ ನಿಲ್ಲಿಸಿತು. ಮೂರನೆಯದು ಸ್ಕ್ರೈಬಸ್. ಪೂರ್ತಿ ಉಚಿತ, ಟ್ರಯಲ್ಲಿಲ್ಲ, ಬಾಗಿಲಿಲ್ಲ. ಕುಣಿಯಲು ಎದ್ದೆ. ಕನ್ನಡ ಪೇಸ್ಟ್ ಮಾಡಿದೆ. ಪುಟದ ತುಂಬ ಖಾಲಿ ಚೌಕಗಳು! ಕೂತೆ.

ಅಷ್ಟರಲ್ಲಿ ಬಾಗಿಲಲ್ಲಿ ಗಂಗಾ ಆಂಟಿ. ನಮ್ಮ ಬೀದಿಯಲ್ಲೇ ಮಗಳ ಮನೆಯಲ್ಲಿರುವವರು. ಕಾಗುಣಿತ ತಿದ್ದಿಕೊಡಿ ಎಂದು ನಾನೇ ಕರೆದಿದ್ದೆ. ಕನ್ನಡಕ ಏರಿಸಿ ಪರದೆ ನೋಡಿದರು.

“ಇದೇನವಾ, ಬರೇ ಡಬ್ಬಿ ಬಂದಾವು?”

“ಗೊತ್ತಿಲ್ಲ ಆಂಟಿ, ಕನ್ನಡ ತಗೊಳ್ತಾನೇ ಇಲ್ಲ.”

“ಮೊಳಿ ಹಾಕೀಯೇನು ಇದಕ್ಕ?”

“ಏನು ಹಾಕ್ಬೇಕು?”

“ಮೊಳಿ! ಕನ್ನಡದ ಮೊಳಿ ಇಲ್ದ ಕನ್ನಡ ಹ್ಯಾಂಗ ಅಚ್ಚಾಗತೈತಿ? ಗದಗಿನ ಪ್ರೆಸ್ಸಿನ್ಯಾಗ ಹದಿನಾರು ವರ್ಷ ಮೊಳಿ ಜೋಡಿಸೀನಿ ನಾ.”

ಮೊಳೆ ಎಂದರೆ ಅಚ್ಚಿನ ಅಕ್ಷರ. ಅಂದರೆ ಫಾಂಟ್! ನಾನು ಆರಿಸಿದ್ದ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ಉಚಿತ ಕನ್ನಡ ಫಾಂಟೊಂದನ್ನು ಇಳಿಸಿಕೊಂಡು, ಸ್ಕ್ರೈಬಸ್ ಮುಚ್ಚಿ ತೆರೆದೆ. ಚೌಕಗಳೆಲ್ಲ ಅಕ್ಷರಗಳಾದವು. ‘ಅಕ್ಷತಾ’ ಎಂಬ ಮಗುವಿನ ಹೆಸರಿನಲ್ಲಿ ‘ಕ್ಷ’ ದುಂಡಗೆ ಕೂತಿತ್ತು. ಆಗ ಕುಣಿದದ್ದು.

ಆಂಟಿ ಕುಣಿಯಲಿಲ್ಲ. ಮೌಸ್ ತೆಗೆದುಕೊಂಡರು.

ಸ್ಕ್ರೈಬಸ್‌ನಲ್ಲಿ ಮೊದಲು ಚೌಕಟ್ಟು ಎಳೆದು, ಆಮೇಲೆ ಅಕ್ಷರ ತುಂಬಬೇಕು. ನನಗೆ ಅದೇ ತಲೆನೋವಾಗಿತ್ತು. ಅವರಿಗೆ? “ನಾವೂ ಹಿಂಗ ಮಾಡ್ತಿದ್ವಿ,” ಎಂದರು. ಅರ್ಧ ದಿನದಲ್ಲಿ ನಾನು ಚಹಾ ಮಾಡಿಕೊಡುವವಳು, ಅವರು ಲೇಔಟ್ ಆರ್ಟಿಸ್ಟ್. “ಸಾಲಿನ ನಡುವ ಉಸಿರಾಡಾಕ ಜಾಗ ಬಿಡು” ಎಂದು ನನಗೇ ಪಾಠ.

ಒಂದು ಪುಟದಲ್ಲಿ ಎಂಟು ವರ್ಷದ ಹುಡುಗಿ ಬರೆದಿದ್ದಳು: ‘ನನ್ನ ಅಮ್ಮ ನಮಗಾಗಿ ದಿನಾ ಬೇಯುತ್ತಾರೆ.’

“ಬೇಯಿಸುತ್ತಾರೆ ಅಂತ ತಿದ್ದಿ ಆಂಟಿ.”

“ಯಾಕ ತಿದ್ದಬೇಕು? ಹುಡುಗಿ ಖರೇನ ಬರದಾಳ.”

ನಕ್ಕು ನಕ್ಕು ಇಬ್ಬರಿಗೂ ಕಣ್ಣೀರು. ತಿದ್ದಲಿಲ್ಲ.

ಸೋಮವಾರ ಪಿಡಿಎಫ್ ಹೋಯಿತು, ಪುಸ್ತಕ ಬಂತು. ಸಮಾರಂಭದಲ್ಲಿ ಮಕ್ಕಳು ತಮ್ಮ ತಮ್ಮ ಪುಟ ಹುಡುಕಿಕೊಂಡು ಜೋರಾಗಿ ಓದಿದರು, ಕನ್ನಡದಲ್ಲೇ! ಐಟಿ ಹುಡುಗನೊಬ್ಬ ಪುಸ್ತಕ ತಿರುವಿ, “ಆಂಟಿ, ನೀವು ಯಾವ ಕಂಪನಿಲಿ ಡಿಸೈನರ್ ಆಗಿದ್ರಿ?” ಎಂದ. ಆಂಟಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ನಾನು ನಗಲಿಲ್ಲ. ಐದು ವರ್ಷದಿಂದ ಬೀದಿಯಲ್ಲಿ ಸಿಕ್ಕಾಗಲೆಲ್ಲ ‘ಊಟ ಆಯ್ತಾ ಆಂಟಿ’ ಎಂದು ಕೇಳಿದ್ದೇನೆ. ‘ನೀವು ಏನು ಕೆಲಸ ಮಾಡ್ತಿದ್ರಿ’ ಎಂದು ಒಂದು ಸಲವಾದರೂ ಕೇಳಿದ್ದೆನೇ?