ಘಾಟು ಎಂದುಕೊಂಡಿದ್ದ ಎದೆಬಡಿತ

ಹಾವೇರಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ನಾನು ಬ್ಯಾಡಗಿಗೆ ಹೊರಟದ್ದು ಒಂದು ಗುರುವಾರ. ಮೆಣಸಿನಕಾಯಿ ಸುಗ್ಗಿಯ ದಿನಗಳು. ಟಿಕೆಟ್ಟಿಗೆ ಮೂರು ರೂಪಾಯಿ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಹೊಸತಾದ್ದರಿಂದ ಗಾಡಿ ಕುಲುಕುತ್ತಿರಲಿಲ್ಲ. ಕುಲುಕುತ್ತಿದ್ದದ್ದು ನನ್ನ ಮನಸ್ಸು ಮಾತ್ರ.

ಹಿಂದಿನ ತಿಂಗಳು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಾಗ ಎದೆ ಇದ್ದಕ್ಕಿದ್ದಂತೆ ಓಡತೊಡಗಿ, ಬೋರ್ಡಿನ ಮುಂದೆಯೇ ಕುಸಿದಿದ್ದೆ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯದಲ್ಲಿ ಕರೆಂಟು ಓಡಾಡಲು ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿ ಇದೆ ಎಂದರು. ಬೆಂಗಳೂರಿನಲ್ಲಿ ತೊಡೆಯ ನರದೊಳಗಿಂದ ತಂತಿ ಏರಿಸಿ ಅದನ್ನು ಸುಟ್ಟು ಮುಚ್ಚುತ್ತಾರಂತೆ. ಅಪರೂಪಕ್ಕೆ ಯಾರಿಗಾದರೂ ಸರಿಯಾದ ದಾರಿಗೂ ಪೆಟ್ಟಾಗಿ, ಎದೆಗೆ ಯಂತ್ರ ಕೂರಿಸಬೇಕಾಗುತ್ತದಂತೆ. ಬೇಡವೆಂದರೆ ಗುಳಿಗೆ ನುಂಗುತ್ತಲೂ ಇರಬಹುದು. ಯಾವುದಕ್ಕೂ ಶನಿವಾರದೊಳಗೆ ತಿಳಿಸಿ ಎಂದರು. ಇದನ್ನು ಮಾಡಿಸಿಕೊಂಡ ರಾಣೆಬೆನ್ನೂರಿನ ಒಬ್ಬರ ವಿಳಾಸವನ್ನೂ ಕೊಟ್ಟರು. ಮನೆಯವರು ನಿರ್ಧಾರವನ್ನು ನನಗೇ ಬಿಟ್ಟರು. ಅವರನ್ನು ಕಾಣಲು ಹೋಗುವ ದಾರಿಯಲ್ಲೇ ತವರು ಸಿಗುತ್ತದೆ, ಅಣ್ಣನನ್ನೂ ಒಂದು ಮಾತು ಕೇಳಿಬಿಡೋಣ ಎಂದು ಹೊರಟಿದ್ದೆ.

ಬ್ಯಾಡಗಿಯಲ್ಲಿ ಇಳಿದ ಹೊಸಬರು ಮೊದಲು ಮಾಡುವ ಕೆಲಸ ಸೀನುವುದು. ನಾನು ಅಲ್ಲೇ ಹುಟ್ಟಿದವಳು, ನನಗೆ ಅದೇನೂ ಆಗುವುದಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಅಣ್ಣನ ದಲಾಲಿ ಅಂಗಡಿ. ಅವತ್ತು ಪೇಟೆಯ ದಿನ. ವ್ಯಾಪಾರಿಗಳು ರಾಶಿಯಿಂದ ರಾಶಿಗೆ ಹೋಗಿ, ಕಾಯಿ ಮುರಿದು ಮೂಸಿ, ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಆ ಚೀಟಿ ಒಡೆದು ಹೆಚ್ಚಿನ ದರ ಯಾರದೆಂದು ಕೂಗುವವರೆಗೆ ಅಣ್ಣ ಅಂಗಡಿ ಬಿಟ್ಟು ಕದಲುವವನಲ್ಲ. ಮಂಡಕ್ಕಿ, ಮಿರ್ಚಿ ತರಿಸಿ ಮುಂದಿಟ್ಟು, ನನ್ನ ಮಾತು ಪೂರ್ತಿ ಕೇಳಿದ.

"ಅದು ಘಾಟು, ತಂಗಿ. ಸಣ್ಣಾಕಿ ಇದ್ದಾಗಿಂದ ಐತಿ. ಅದಕ್ಕ ಎದಿ ಯಾಕ ಸುಡಿಸ್ಕೋಬೇಕು?"

ನಮ್ಮ ಮನೆಯಲ್ಲಿ ತಲೆನೋವಿನಿಂದ ಹಿಡಿದು ಪರೀಕ್ಷೆಯಲ್ಲಿ ನಪಾಸಾಗುವವರೆಗೆ ಎಲ್ಲಕ್ಕೂ ಘಾಟೇ ಕಾರಣ. ಹನ್ನೆರಡರ ವಯಸ್ಸಿನಲ್ಲಿ ಯಾರ್ಡಿನ ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾಗ ನನ್ನ ಎದೆ ಮೊದಲ ಸಲ ಓಡಿತ್ತು. ಅಣ್ಣ ನೆರಳಿಗೆ ಕೂರಿಸಿ, ಬಾಯಿಗೆ ಬೆಲ್ಲ ಹಾಕಿ, ಅದು ನಿಲ್ಲುವವರೆಗೆ ಮಣಿಕಟ್ಟು ಹಿಡಿದು ಕೂತಿದ್ದ. ಓಟ ತಾನಾಗಿಯೇ ನಿಂತರೂ ಹೆಸರೆಲ್ಲ ಬೆಲ್ಲಕ್ಕೆ ಹೋಯಿತು. ಮದುವೆಯಾಗಿ ಹಾವೇರಿಗೆ ಬಂದ ಮೇಲೂ, ಒಂದು ರಾಶಿ ಮೆಣಸಿನಕಾಯಿ ಕಾಣದ ಮನೆಯಲ್ಲಿ, ತವರಿನ ಘಾಟು ಇನ್ನೂ ಇಳಿದಿಲ್ಲ ಎಂದು ಅತ್ತೆಗೆ ಹೇಳಿ ಬೆಲ್ಲ ತಿನ್ನುತ್ತಿದ್ದೆ. ಕಲಿತವಳು, ಮಾಸ್ತರಿಕೆ ಮಾಡುವವಳು!

ರಾಣೆಬೆನ್ನೂರಿಗೆ ಹೊರಡಲೆಂದು ಅಂಗಡಿಯ ಕಟ್ಟೆ ಇಳಿದು ರಾಶಿಗಳ ನಡುವೆ ನಾಲ್ಕು ಹೆಜ್ಜೆ ಇಟ್ಟಿದ್ದೆ, ಎದೆ ಮತ್ತೆ ಓಡತೊಡಗಿತು. ಡಾಕ್ಟರು ಹೇಳಿಕೊಟ್ಟಂತೆ ಉಸಿರು ಕಟ್ಟಿ ಹೊಟ್ಟೆ ಬಿಗಿಹಿಡಿದೆ, ನಿಲ್ಲಲಿಲ್ಲ. ಕಣ್ಣು ಮಂಜಾಗಿ ಚೀಲದ ಮೇಲೆ ಕೂತೆ. ಅಣ್ಣ ಬೆಲ್ಲ ಹಿಡಿದು ಓಡಿಬಂದ. ಪಕ್ಕದಲ್ಲಿ ತೊಟ್ಟು ಬಿಡಿಸುತ್ತಿದ್ದ ಫಕೀರವ್ವ, ಆ ಯಾರ್ಡಿನಲ್ಲೇ ತಲೆ ನೆರೆದವಳು, ಕೈಯ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಸಾವಕಾರ್ರ, ಘಾಟು ಹತ್ತಿದವ್ರು ಕೆಮ್ಮತಾರರಿ," ಎಂದಳು. "ಅಕ್ಕಾರು ಒಮ್ಮೆನೂ ಕೆಮ್ಮಿಲ್ಲ. ಇದು ಬ್ಯಾರೆ ಐತಿ."

ಸುತ್ತ ಹತ್ತಾರು ಜನ ಕೆಮ್ಮುತ್ತಿದ್ದರು. ಅಣ್ಣ ಅವರನ್ನೂ ನನ್ನನ್ನೂ ನೋಡಿದ. ಬೆಲ್ಲ ಅವನ ಕೈಯಲ್ಲೇ ಉಳಿಯಿತು. ಹುಬ್ಬಳ್ಳಿಯ ಡಾಕ್ಟರ ಮಾತನ್ನು ನಾನೂ ಪೂರ್ತಿ ನಂಬಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಅರ್ಧ ಗಂಟೆಯ ಮೇಲೆ ಎದೆಯ ಓಟ ನಿಂತಿತು. ಅಣ್ಣ ಗುಮಾಸ್ತನಿಗೆ ಅಂಗಡಿ ಒಪ್ಪಿಸಿ ಟೊಪ್ಪಿಗೆ ಹಾಕಿಕೊಂಡ. ಚೀಟಿ ಒಡೆಯಲು ಇನ್ನೂ ಎರಡು ತಾಸಿತ್ತು.

ಮೋಟೆಬೆನ್ನೂರಿನ ಮೇಲೆ ಹಾಯ್ದು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋದೆವು. ಬಿಸಿಲು ಜೋರಿತ್ತು, ಕಾಲಿಡಲು ಜಾಗವಿರಲಿಲ್ಲ. ನನ್ನ ಮುಖ ನೋಡಿ ಒಬ್ಬಾಕೆ ಕೇಳದೆಯೇ ಎದ್ದು ಸೀಟು ಕೊಟ್ಟಳು. ಹೆಸರು ಕೇಳಲಿಲ್ಲ, ಈಗಲೂ ಆಕೆಯನ್ನು ನೆನೆಯುತ್ತೇನೆ.

ಡಾಕ್ಟರು ವಿಳಾಸ ಕೊಟ್ಟಿದ್ದ ಶೇಖರಪ್ಪನವರು ಬಸ್‌ಸ್ಟ್ಯಾಂಡಿನ ಹಿಂದೆ ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಪರಿಚಯ ಹೇಳಿದ್ದೇ ತಡ, ನಮ್ಮನ್ನು ಖಾನಾವಳಿಗೆ ಕರೆದೊಯ್ದು ರೊಟ್ಟಿ, ಎಣ್ಣೆಗಾಯಿ ಬಡಿಸಿಸಿದರು. ತಂತಿ ಹಾಕಿದ ಜಾಗದಲ್ಲಿ ಕಲೆಯೂ ಉಳಿದಿಲ್ಲ ಎಂದರೆ ಅಣ್ಣ ನಂಬಲಿಲ್ಲ. ಅವರು ಅವನನ್ನು ಗೋಡೆಯ ಮರೆಗೆ ಕರೆದೊಯ್ದು ಧೋತರ ಸರಿಸಿ ತೋರಿಸಿದರಂತೆ. ಅಣ್ಣ ಚಷ್ಮಾ ಹಾಕಿ ಹುಡುಕಿದರೂ ಏನೂ ಸಿಗಲಿಲ್ಲವಂತೆ.

ಶೇಖರಪ್ಪನವರು ಏನನ್ನೂ ಮುಚ್ಚಿಡಲಿಲ್ಲ. ಸುಡುವಾಗ ಎದೆಯಲ್ಲಿ ಉರಿಯಿತು, ಮೊದಲ ಸಲ ಫಲಿಸಲಿಲ್ಲ, ಮತ್ತೊಮ್ಮೆ ಹೋಗಬೇಕಾಯಿತು. ಅದಾಗಿ ಎರಡು ವರ್ಷ, ಒಮ್ಮೆಯೂ ಓಡಿಲ್ಲ ಎಂದರು. ಅಂಜಿಕೆ ಆಗಲಿಲ್ಲವೇ ಎಂದು ಕೇಳಿದೆ.

"ಆಗಿತ್ತಲ್ರಿ. ಅಂಜಿಕಿ ಹೋದ ಮ್ಯಾಲೆ ಹೋಗೂಣು ಅಂದಿದ್ರ ಇನ್ನೂ ಇಲ್ಲೇ ಕುಂತಿರ್ತಿದ್ದೆ. ಅಂಜಕೋತನ ಹೋದೆ."

ಧೈರ್ಯ ಬಂದ ಮೇಲೆ ನಿರ್ಧರಿಸೋಣವೆಂದು ನಾನೂ ಕಾಯುತ್ತಿದ್ದೆ. ಖಾನಾವಳಿಯ ಬೆಂಚಿನ ಮೇಲೆ ಕೂತೇ ಮಾಡಿಸಿಕೊಳ್ಳುತ್ತೇನೆಂದು ಅಣ್ಣನಿಗೆ ಹೇಳಿದೆ.

ಸಂಜೆಯ ಗಾಡಿಯಲ್ಲಿ ಅಣ್ಣ, "ಇಪ್ಪತ್ತೈದು ವರ್ಷ ಸುಳ್ಳು ಔಷಧ ತಿನಿಸಿದೆ ನಿನಗ," ಎಂದ. ಅವನ ಕಣ್ಣು ಒದ್ದೆಯಾಗಿತ್ತು.

"ನೀ ಕೈ ಹಿಡಕೊಂಡು ಕುಂತಿದ್ದು ಖರೇ ಅಲ್ಲೇನು?" ಎಂದೆ. ಸಣ್ಣ ಹುಡುಗಿಗೆ ಎದೆ ಹಾಗೆ ಓಡುವಾಗ ಸಾವಿನ ಭಯವೇ ಆಗಬೇಕಿತ್ತು. ನನಗೆ ಒಮ್ಮೆಯೂ ಆಗಲಿಲ್ಲ. ಅದು ಅವನಿಂದ. ಅಷ್ಟು ವರ್ಷ ಹೇಳದೆ ಉಳಿದದ್ದನ್ನು ಅವತ್ತು ಹೇಳಿದೆ.

ಬ್ಯಾಡಗಿ ಬಂತು, ಅವನು ಇಳಿದ. ಹುಬ್ಬಳ್ಳಿಗಿಂತ ದೂರ ಎಂದೂ ಹೋಗದವನು ನನ್ನ ಕಿಟಕಿಯ ಬಳಿಯೇ ನಿಂತ. ಗಾಡಿ ಅಲುಗಿದಾಗ ಕಂಬಿ ಹಿಡಿದು ಜೊತೆಗೆ ನಡೆಯುತ್ತ ಕೇಳಿದ.

"ಬೆಂಗಳೂರಿಗೆ ಎಷ್ಟು ದಿನದ ಬಟ್ಟಿ-ಅರಬಿ ತಗೋಬೇಕು ನಾನು?"

ಗದ್ದಲದಲ್ಲಿ ಕೇಳಿಸಲಾರದೆಂದು ಕಿಟಕಿಯಿಂದ ನಾಲ್ಕು ಬೆರಳು ತೋರಿಸಿದೆ. ಅವನೂ ನಾಲ್ಕು ಬೆರಳು ಎತ್ತಿ ಖಾತ್ರಿ ಮಾಡಿಕೊಂಡ. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಆ ಕೈ ಕೆಳಗಿಳಿಯಲಿಲ್ಲ.